ಬಾಮ್‌ಗೆ ಸಾಧ್ಯವಾದದ್ದು ಕುಷ್ಟಗಿಗೇಕೆ ಇಲ್ಲ?

2022ರ ಆಗಸ್ಟ್ 16. ಗೋಕುಲಂ ಕೇರಳ ಎಫ್‌ಸಿ ಮಹಿಳಾ ತಂಡ ಉಜ್ಬೇಕಿಸ್ತಾನದ ತಾಷ್ಕೆಂಟ್ ತಲುಪುವ ಹೊತ್ತಿಗೆ, ಅದು ಆಡಲು ಹೊರಟಿದ್ದ ಟೂರ್ನಿಯ ಬಾಗಿಲು ಮುಚ್ಚಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನನ್ನು ಫಿಫಾ ಅಮಾನತು ಮಾಡಿದ ಸುದ್ದಿ ಅಷ್ಟರಲ್ಲಿ ಹೊರಬಿದ್ದಿತ್ತು. ಅಮಾನತಾದ ದೇಶದ ಯಾವ ತಂಡವೂ ಅಂತರರಾಷ್ಟ್ರೀಯ ಪಂದ್ಯ ಆಡುವಂತಿಲ್ಲ. ಏಷ್ಯಾ ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್‌ನಲ್ಲಿ ಈ ತಂಡ ಆಗಸ್ಟ್ 23ರಂದು ಆತಿಥೇಯ ದೇಶದ ಸೊಗ್ದಿಯಾನಾ ವಿರುದ್ಧ, 26ರಂದು ಇರಾನಿನ ಬಾಮ್ ಖಾತೂನ್ ವಿರುದ್ಧ ಆಡಬೇಕಿತ್ತು. ಕ್ಲಬ್‌ನವರು ಪ್ರಧಾನಿಗೆ ಮನವಿ ಮಾಡಿಕೊಂಡರು. ಕ್ರೀಡಾ ಸಚಿವಾಲಯ ಫಿಫಾಕ್ಕೂ ಏಷ್ಯಾ ಫುಟ್‌ಬಾಲ್ ಒಕ್ಕೂಟಕ್ಕೂ ಬರೆಯಿತು. ಫಲ ಸಿಗಲಿಲ್ಲ. ತಂಡ ಆಡದೆಯೇ ಹಿಂತಿರುಗಿತು.

ಆ ಆಟಗಾರ್ತಿಯರು ಮಾಡಿದ ತಪ್ಪಾದರೂ ಏನು? ಏನೂ ಇಲ್ಲ. ರಾಷ್ಟ್ರೀಯ ಲೀಗ್ ಗೆದ್ದು, ನ್ಯಾಯವಾಗಿ ಅರ್ಹತೆ ಪಡೆದು ಹೋಗಿದ್ದರು. 2020ರ ಡಿಸೆಂಬರ್‌ನಲ್ಲೇ ನಡೆಯಬೇಕಿದ್ದ ಫೆಡರೇಷನ್ ಚುನಾವಣೆ ನಡೆದಿರಲಿಲ್ಲ. ಅವಧಿ ಮುಗಿದ ಮೇಲೂ ಪದಾಧಿಕಾರಿಗಳು ಕುರ್ಚಿ ಬಿಡಲಿಲ್ಲವೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿಯೊಂದನ್ನು ನೇಮಿಸಿತು. ಅದನ್ನು ಫಿಫಾ ‘ಹೊರಗಿನವರ ಹಸ್ತಕ್ಷೇಪ’ ಎಂದು ಪರಿಗಣಿಸಿತು. ಕೋರ್ಟು ಸಮಿತಿಯನ್ನು ರದ್ದುಪಡಿಸಿದ ನಂತರ ಅಮಾನತು ತೆರವಾಯಿತು. ಅದು ತೆರವಾದ ದಿನಾಂಕ ಆಗಸ್ಟ್ 26. ಬಾಮ್ ಖಾತೂನ್ ವಿರುದ್ಧ ಪಂದ್ಯ ನಡೆಯಬೇಕಿದ್ದ ದಿನವೂ ಅದೇ.

ಈ ಪ್ರಸಂಗ ನಮ್ಮ ಪತ್ರಿಕೆಗಳಲ್ಲಿ ಎರಡು ಮೂರು ದಿನ ಸುದ್ದಿಯಾಗಿ ಮರೆಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತದಲ್ಲೇ ನಡೆಯಬೇಕಿದ್ದ ಹದಿನೇಳರ ಒಳಗಿನ ಬಾಲಕಿಯರ ವಿಶ್ವಕಪ್ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ, ಕೈತಪ್ಪಿದ ಈ ಟೂರ್ನಿಯ ನೆನಪು ಯಾರಿಗೂ ಬೇಕಾಗಲಿಲ್ಲ. ನಾನು ಕ್ರೀಡಾ ವಿಶ್ಲೇಷಕನಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಪಾಠ ಹೇಳಿಕೊಂಡು ಬಂದ ಮೇಷ್ಟ್ರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಡೆಯದ ಪಂದ್ಯದ ಎದುರಾಳಿಯ ಹೆಸರು. ಬಾಮ್ ಎಂಬುದು ಯಾವ ಊರು ಎಂಬ ಕುತೂಹಲ ಅಂದು ಹುಟ್ಟಿತು. ಆ ಊರಿನ ಕಥೆ ತಿಳಿದಂತೆಲ್ಲ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು ಬೇರೆಯದೇ ಕಣ್ಣಿನಿಂದ ನೋಡುವಂತಾಯಿತು. ಆ ನೋಟವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಟೂರ್ನಿಯ ವಿಚಾರ. ದೇಶ ದೇಶಗಳ ನಡುವಿನ ಫುಟ್‌ಬಾಲ್ ನಮಗೆಲ್ಲ ಪರಿಚಿತ. ಅದರ ಜೊತೆಗೇ, ಒಂದೊಂದು ದೇಶದ ಲೀಗ್ ಗೆದ್ದ ಕ್ಲಬ್ಬುಗಳು ಗಡಿ ದಾಟಿ ಸೆಣಸುವ ಇನ್ನೊಂದು ಲೋಕವಿದೆ. ಮಹಿಳೆಯರಿಗೆ ಈ ಲೋಕ ತೆರೆದುಕೊಂಡದ್ದು ತೀರ ತಡವಾಗಿ. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ‘ಡಿಕ್ ಕೆರ್’ ಎಂಬ ಕಾರ್ಖಾನೆಯ ಕೆಲಸಗಾರ್ತಿಯರ ತಂಡದ ಆಟ ನೋಡಲು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ಹೇಳಿಸಿದ್ದಲ್ಲ ಎಂದು ತನ್ನ ಮೈದಾನಗಳಲ್ಲಿ ಅವರನ್ನು ನಿಷೇಧಿಸಿತು. ಆ ನಿಷೇಧ ಅರ್ಧ ಶತಮಾನ ಉಳಿಯಿತು. ಯುರೋಪಿನಲ್ಲಿ ಮಹಿಳಾ ಕ್ಲಬ್ಬುಗಳ ಅಧಿಕೃತ ಟೂರ್ನಿ ಶುರುವಾದದ್ದು 2001ರಲ್ಲಿ. 2022ರ ಏಪ್ರಿಲ್‌ನಲ್ಲಿ ಅದೇ ಟೂರ್ನಿಯ ಪಂದ್ಯವೊಂದಕ್ಕೆ ಬಾರ್ಸಿಲೋನಾದ ಕ್ರೀಡಾಂಗಣದಲ್ಲಿ 91,648 ಜನ ಸೇರಿದರು. ನೋಡುವವರಿಲ್ಲ ಎಂಬ ಮಾತು ಎಷ್ಟು ಪೊಳ್ಳು ಎಂಬುದಕ್ಕೆ ಈ ಎರಡು ಸಂಖ್ಯೆಗಳು ಸಾಕು.

ಏಷ್ಯಾದಲ್ಲಿ ಇದರ ಪ್ರಯೋಗ ನಡೆದದ್ದು 2019ರಲ್ಲಿ, ದಕ್ಷಿಣ ಕೊರಿಯಾದ ನೆಲದಲ್ಲಿ, ನಾಲ್ಕೇ ಕ್ಲಬ್ಬುಗಳೊಂದಿಗೆ. ಭಾರತಕ್ಕೆ ಮೊದಲ ಸರದಿ ಬಂದದ್ದು 2021ರಲ್ಲಿ. ಆ ಅರ್ಹತೆ ನಿರ್ಧಾರವಾದದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಎಷ್ಟು ಜನರಿಗೆ ನೆನಪಿದೆಯೋ ತಿಳಿಯದು. 2020ರ ಫೆಬ್ರುವರಿ 14ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್‌ನಲ್ಲಿ ಗೋಕುಲಂ ತಂಡ ಮಣಿಪುರದ ಕ್ರಿಪ್ಸಾ ತಂಡವನ್ನು 3–2ರಿಂದ ಮಣಿಸಿತು. ಆಮೇಲೆ ಕೊರೊನಾ ಬಂತು. ಮರುವರ್ಷ ನವೆಂಬರ್‌ನಲ್ಲಿ ತಂಡ ಜೋರ್ಡಾನಿನ ಅಕಾಬಾಕ್ಕೆ ಹೋಯಿತು. ಅಮ್ಮಾನ್ ತಂಡದೆದುರು 1–2, ಇರಾನಿನ ಶಹರದಾರಿ ಸಿರ್ಜಾನ್ ಎದುರು 0–1ರಿಂದ ಸೋತರೂ, ಕೊನೆಯ ಪಂದ್ಯದಲ್ಲಿ ಉಜ್ಬೇಕಿಸ್ತಾನದ ಬುನ್ಯೋದ್ಕರ್ ತಂಡವನ್ನು 3–1ರಿಂದ ಸೋಲಿಸಿತು.

ಆ ಮೂರು ಗೋಲುಗಳಲ್ಲಿ ಒಂದು ಮನೀಷಾ ಕಲ್ಯಾಣ್ ಅವರದು. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮುಗ್ಗೋವಾಲ್ ಎಂಬ ಹಳ್ಳಿಯ ಹುಡುಗಿ. ಅದೇ ತಿಂಗಳ ಕೊನೆಯಲ್ಲಿ ಬ್ರೆಜಿಲ್ ನೆಲದಲ್ಲಿ ಬ್ರೆಜಿಲ್ ವಿರುದ್ಧವೇ ಭಾರತದ ಪರವಾಗಿ ಗೋಲು ಹೊಡೆದರು. 2022ರ ಆಗಸ್ಟ್‌ನಲ್ಲಿ ತಮ್ಮ ಹಳೆಯ ತಂಡ ತಾಷ್ಕೆಂಟ್‌ನಲ್ಲಿ ಸಿಕ್ಕಿಬಿದ್ದಿದ್ದ ಅದೇ ವಾರ, ಸೈಪ್ರಸ್‌ನ ಅಪೊಲೊನ್ ಕ್ಲಬ್ ಪರವಾಗಿ ಆಡಿ, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯರಾದರು. ಒಬ್ಬ ಆಟಗಾರ್ತಿಗೆ ಒಂದು ಮೆಟ್ಟಿಲು ಸಿಕ್ಕಿದರೆ ಮುಂದಿನ ಮೆಟ್ಟಿಲು ತಾನಾಗಿ ಕಾಣತೊಡಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈಗ ಅಕಾಬಾದಲ್ಲಿ ಗೋಕುಲಂ ತಂಡವನ್ನು ಸೋಲಿಸಿದ ಎದುರಾಳಿಯ ಹೆಸರನ್ನು ಗಮನಿಸೋಣ. ‘ಶಹರದಾರಿ’ ಎಂಬ ಪಾರ್ಸಿ ಶಬ್ದಕ್ಕೆ ಕನ್ನಡದಲ್ಲಿ ಸರಿಸಮನಾದ ಮಾತು ‘ಪುರಸಭೆ’. ಅಂದರೆ ಅದು ಸಿರ್ಜಾನ್ ಪುರಸಭೆಯ ತಂಡ. ಸಿರ್ಜಾನ್ ಇರುವುದು ಇರಾನಿನ ಕೆರ್ಮಾನ್ ಪ್ರಾಂತದಲ್ಲಿ. ಸುತ್ತ ಒಣನೆಲ, ಹತ್ತಿರದಲ್ಲಿ ಕಬ್ಬಿಣದ ಅದಿರಿನ ದೊಡ್ಡ ಗಣಿ. ಅದೇ ಪ್ರಾಂತದ ಇನ್ನೊಂದು ಊರು ಬಾಮ್. ಮರುಭೂಮಿಯ ಅಂಚಿನ, ಖರ್ಜೂರದ ತೋಟಗಳ ಪಟ್ಟಣ. ನಮ್ಮ ಬೀದರಿನಲ್ಲಿರುವ ಕರೇಜ್‌ನಂಥ ನೆಲದೊಳಗಿನ ಕಾಲುವೆಗಳಿಂದ ನೀರು ತಂದುಕೊಂಡು ಬದುಕಿದ ಊರು. ಜಗತ್ತಿಗೆ ಅದರ ಹೆಸರು ತಿಳಿದದ್ದು ಅಲ್ಲಿನ ಪುರಾತನ ಮಣ್ಣಿನ ಕೋಟೆಯಿಂದ. ಆಮೇಲೆ 2003ರ ಡಿಸೆಂಬರ್ 26ರ ನಸುಕಿನ ಭೂಕಂಪದಿಂದ. ಆ ದಿನ 26,000ಕ್ಕೂ ಹೆಚ್ಚು ಜನ ಸತ್ತರು. ಕೋಟೆ ಕುಸಿಯಿತು, ಊರು ನೆಲಸಮವಾಯಿತು.

ಹಾಗೆ ನೆಲಸಮವಾದ ಊರು ಎರಡು ದಶಕ ಕಳೆಯುವುದರೊಳಗೆ ಏಷ್ಯಾದ ಮಹಿಳಾ ಕ್ಲಬ್ ಟೂರ್ನಿಯಲ್ಲಿ ತನ್ನ ಹೆಸರಿನ ತಂಡವನ್ನು ಇಳಿಸಿತು. ಅದೂ ಯಾವ ದೇಶದಲ್ಲಿ? ಹೆಂಗಸರು ಕ್ರೀಡಾಂಗಣಕ್ಕೆ ಹೋಗಿ ಗಂಡಸರ ಪಂದ್ಯ ನೋಡುವುದನ್ನೂ ದಶಕಗಳ ಕಾಲ ತಡೆದಿದ್ದ ದೇಶದಲ್ಲಿ. 2019ರ ಅಕ್ಟೋಬರ್‌ನಲ್ಲಿ, ಫಿಫಾದ ಒತ್ತಡದ ನಂತರ, ಟೆಹರಾನಿನ ಆಜಾದಿ ಕ್ರೀಡಾಂಗಣದ ಪಂದ್ಯವೊಂದಕ್ಕೆ ಅವರಿಗೆ ಟಿಕೆಟ್ ಕೊಡಲಾಯಿತು. ಅತ್ತ ಫಿಫಾ ನಿಯಮವೂ ಅವರ ಪರವಾಗಿರಲಿಲ್ಲ. 2011ರಲ್ಲಿ ತಲೆವಸ್ತ್ರ ತೊಟ್ಟ ಕಾರಣಕ್ಕೆ ಇರಾನ್ ಮಹಿಳಾ ತಂಡವನ್ನು ಒಲಿಂಪಿಕ್ ಅರ್ಹತಾ ಪಂದ್ಯದಿಂದ ಹೊರಗಿಡಲಾಯಿತು. ಆ ನಿಷೇಧ ತೆರವಾದದ್ದು 2014ರಲ್ಲಿ. ಮನೆಯೊಳಗಿನವರೂ ಬೇಡವೆಂದರು, ಹೊರಗಿನವರೂ ಬೇಡವೆಂದರು. ಈ ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಬಾಮ್‌ನ, ಸಿರ್ಜಾನ್‌ನ ಆಟಗಾರ್ತಿಯರು ಚೆಂಡು ಒದ್ದರು.

ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಭಾರತ ತಂಡ ಗೆದ್ದರೆ ಸಾಲದೆ, ಕ್ಲಬ್ಬುಗಳ ಈ ಲೆಕ್ಕಾಚಾರ ನಮಗೇಕೆ? ನನ್ನ ಉತ್ತರ ಇದು. ದೇಶದ ತಂಡಕ್ಕೆ ಬೇಕಾದವರು ಇಪ್ಪತ್ತು ಚಿಲ್ಲರೆ ಮಂದಿ. ಅವರನ್ನು ಯಾರೋ ಆರಿಸುತ್ತಾರೆ. ಯಲಬುರ್ಗಾದ ಹುಡುಗಿ ಆ ಆಯ್ಕೆದಾರರ ಕಣ್ಣಿಗೆ ಬೀಳುವ ಸಂಭವ ಎಷ್ಟು? ಆದರೆ ಕ್ಲಬ್ಬನ್ನು ಯಾರೂ ಆರಿಸಿ ಕಳಿಸಬೇಕಿಲ್ಲ. ಊರಿನವರು ಕಟ್ಟಬಹುದು. ಅದು ರಾಜ್ಯ ಲೀಗ್‌ನಲ್ಲಿ ಗೆದ್ದರೆ ರಾಷ್ಟ್ರೀಯ ಎರಡನೇ ಹಂತದ ಲೀಗ್‌ಗೆ ದಾರಿ ತೆರೆಯುತ್ತದೆ. ಅಲ್ಲಿ ಗೆದ್ದರೆ ಇಂಡಿಯನ್ ವಿಮೆನ್ಸ್ ಲೀಗ್. ಅದನ್ನು ಗೆದ್ದರೆ ಏಷ್ಯಾ. ಏಷ್ಯಾದಲ್ಲಿ 2024ರಿಂದ ಪೂರ್ಣ ಪ್ರಮಾಣದ ಮಹಿಳಾ ಚಾಂಪಿಯನ್ಸ್ ಲೀಗ್ ನಡೆಯುತ್ತಿದೆ. ಗೆದ್ದವರಿಗೆ 10 ಲಕ್ಷ ಡಾಲರ್ ಬಹುಮಾನ. 2026ರ ಆರಂಭದಲ್ಲಿ ಖಂಡಗಳ ವಿಜೇತರನ್ನು ಕೂಡಿಸಿ ಫಿಫಾ ಲಂಡನ್ನಿನಲ್ಲಿ ಚಾಂಪಿಯನ್ಸ್ ಕಪ್‌ನ ಫೈನಲ್ ನಡೆಸಿತು. ಏಣಿ ಉದ್ದವಾಗಿದೆ, ನಿಜ. ಆದರೆ ಅದರ ಬುಡ ಯಾವ ಊರಿನ ಮೈದಾನದಲ್ಲಾದರೂ ಇರಬಹುದು. ದೇಶಗಳ ಟೂರ್ನಿಗೂ ಕ್ಲಬ್ಬುಗಳ ಟೂರ್ನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಇನ್ನು ನಮ್ಮ ನೆಲಕ್ಕೆ ಬರೋಣ. ಕವಿರಾಜಮಾರ್ಗಕಾರ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅಶೋಕನ ಶಾಸನಗಳು ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಇವೆ. ಆದರೆ ಜಿಲ್ಲೆಯೆಂಬ ಮಾನ್ಯತೆ ಸಿಕ್ಕಿದ್ದು 1997ರ ಆಗಸ್ಟ್‌ನಲ್ಲಿ, ರಾಯಚೂರಿನಿಂದ ಬೇರ್ಪಟ್ಟಾಗ. ಆಗ ಇದ್ದವು ನಾಲ್ಕು ತಾಲ್ಲೂಕುಗಳು. ಕುಕನೂರು, ಕಾರಟಗಿ, ಕನಕಗಿರಿ ಆಮೇಲೆ ಸೇರಿದವು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಕೊಪ್ಪಳದ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಎದ್ದವು. ಕುಷ್ಟಗಿ, ಯಲಬುರ್ಗಾಗಳು ಬಹುಪಾಲು ಮಳೆಯನ್ನೇ ನಂಬಿದ ಎರೆ, ಮಸಾರಿ ನೆಲಗಳಾಗಿ ಉಳಿದವು. ಅಲ್ಲಿನ ಎಷ್ಟೋ ಕುಟುಂಬಗಳು ಬೇಸಿಗೆಗೆ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತವೆ. ಒಣನೆಲ, ಅದಿರು, ಕೋಟೆ, ಹಳೆಯ ಹೆಸರು: ಸಿರ್ಜಾನ್, ಬಾಮ್‌ಗಳ ವರ್ಣನೆಗೂ ನಮ್ಮ ಜಿಲ್ಲೆಯ ವರ್ಣನೆಗೂ ಎಷ್ಟೊಂದು ಹೋಲಿಕೆ!

ನಮ್ಮ ಹೆಣ್ಣುಮಕ್ಕಳಿಗೆ ಆಟ ಬರುವುದಿಲ್ಲವೇ? ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳನ್ನು ನೋಡಿದವರು ಹಾಗೆ ಹೇಳಲಾರರು. ಬರಿಗಾಲಿನಲ್ಲಿ ಕಾದ ನೆಲದ ಮೇಲೆ ಖೊಖೊ ಆಡುವ, ಕಬಡ್ಡಿಯಲ್ಲಿ ಮಂಡಿ ತರಚಿಕೊಂಡೂ ಎದ್ದು ನಗುವ ಹುಡುಗಿಯರನ್ನು ನಾನು ವರ್ಷ ವರ್ಷವೂ ನೋಡಿದ್ದೇನೆ. ಗೆದ್ದವರು ಜಿಲ್ಲೆಗೆ ಹೋಗುತ್ತಾರೆ, ಅಲ್ಲಿಂದ ಕಲಬುರಗಿ ವಿಭಾಗ ಮಟ್ಟಕ್ಕೆ. ಒಂದು ಪ್ರಮಾಣಪತ್ರ, ಒಂದು ಪದಕ, ಶಾಲೆಯ ಫಲಕದ ಮೇಲೆ ಒಂದು ಸಾಲು. ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಆ ಹೆಸರುಗಳು ಕಾಣೆಯಾಗುತ್ತವೆ. ಪಿಯುಸಿಯಲ್ಲಿ ಅರ್ಧದಷ್ಟು ಉಳಿದರೆ ಹೆಚ್ಚು. ಆಟದಲ್ಲಿ ಸೋತು ಹೊರಬಿದ್ದವರ ಮಾತಲ್ಲ ಇದು. ಗೆದ್ದವರೂ ಹೀಗೆಯೇ ಕಳೆದುಹೋಗುತ್ತಾರೆ.

ಹೆತ್ತವರನ್ನು ಹಳಿಯುವುದು ಸುಲಭ. ಆದರೆ ಅವರು ಕೇಳುವ ಪ್ರಶ್ನೆಯಲ್ಲಿ ತಿರುಳಿದೆ. ‘ಆಡ್ಲಿ ಬಿಡ್ರಿ ಸರ್, ಬ್ಯಾಡ ಅನ್ನೂದಿಲ್ಲ. ಆಡಿ ಮುಂದ ಏನ್ ಮಾಡ್ತಾಳ್ರಿ?’ ನಮ್ಮ ಕಡೆಯ ಯಾವ ಊರಿಗೆ ಹೋದರೂ ಕೇಳಿಬರುವ ಮಾತು ಇದು. ಇದಕ್ಕೆ ಉತ್ತರ ಕೊಡಲು ಜಿಲ್ಲೆಯಲ್ಲಿ ಯಾರ ಬಳಿಯೂ ಏನೂ ಇಲ್ಲದಾಗ, ಮದುವೆಯೇ ಉತ್ತರವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹದ ಪಿಡುಗು ಹೆಚ್ಚಾಗಿರುವ ಜಿಲ್ಲೆಗಳನ್ನು ಪಟ್ಟಿ ಮಾಡುವಾಗ ಕೊಪ್ಪಳದ ಹೆಸರು ತಪ್ಪದೆ ಬರುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲ. ಹದಿನಾರರಿಂದ ಇಪ್ಪತ್ತೊಂದರವರೆಗಿನ ಆ ಐದು ವರ್ಷಗಳೇ ಆಟಗಾರ್ತಿ ರೂಪುಗೊಳ್ಳುವ ವಯಸ್ಸು. ನಮ್ಮಲ್ಲಿ ಆಕೆ ಕೈಬಿಟ್ಟುಹೋಗುವ ವಯಸ್ಸೂ ಅದೇ.

ಇಲ್ಲಿ ತಾಷ್ಕೆಂಟ್ ಮತ್ತೆ ನೆನಪಾಗುತ್ತದೆ. ಅಲ್ಲಿ ಸಿಕ್ಕಿಬಿದ್ದ ಆಟಗಾರ್ತಿಯರಿಗೂ ಕುಷ್ಟಗಿಯಲ್ಲಿ ಆಟ ಬಿಟ್ಟ ಹುಡುಗಿಗೂ ಒಂದು ಸಮಾನ ಅಂಶವಿದೆ. ಇಬ್ಬರೂ ಅಂಗಳದಲ್ಲಿ ಮಾಡಬೇಕಾದುದನ್ನೆಲ್ಲ ಮಾಡಿದ್ದರು. ಇಬ್ಬರನ್ನೂ ತಡೆದದ್ದು ಅಂಗಳದ ಹೊರಗೆ, ತಾವಿಲ್ಲದ ಕೋಣೆಯಲ್ಲಿ, ಬೇರೆ ಯಾರೋ ತೆಗೆದುಕೊಂಡ ತೀರ್ಮಾನ. ಒಂದು ಕಡೆ ಅದು ದೆಹಲಿಯ ಕುರ್ಚಿಯ ಜಗಳ. ಇನ್ನೊಂದು ಕಡೆ ನಡುಮನೆಯಲ್ಲಿ ಹಿರಿಯರು ಕೂಡಿ ಆಡಿದ ಮಾತು. ಮೊದಲನೆಯದು ಹನ್ನೊಂದು ದಿನಕ್ಕೆ ಮುಗಿಯಿತು. ಎರಡನೆಯದಕ್ಕೆ ಅಮಾನತು ತೆರವಿನ ದಿನಾಂಕವಿಲ್ಲ.

ರಾಜ್ಯದಲ್ಲಿ ಮಹಿಳಾ ಫುಟ್‌ಬಾಲ್ ಇಲ್ಲವೇ ಎಂದರೆ, ಇದೆ. ಭಾರತ ತಂಡದಲ್ಲಿ ಆಡಿ ಹೆಸರು ಮಾಡಿದ ಚಿತ್ರಾ ಗಂಗಾಧರನ್ ಬೆಂಗಳೂರಿನವರು. ಕಿಕ್‌ಸ್ಟಾರ್ಟ್, ಮಿಸಾಕ ಯುನೈಟೆಡ್, ಪರಿಕ್ರಮ ಮುಂತಾದ ಕ್ಲಬ್ಬುಗಳು ಮಹಿಳಾ ತಂಡ ಕಟ್ಟಿವೆ. 2023ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ನಡೆದ ರಾಷ್ಟ್ರೀಯ ಲೀಗ್‌ನ ಫೈನಲ್‌ನಲ್ಲಿ ಕಿಕ್‌ಸ್ಟಾರ್ಟ್ ತಂಡ ಗೋಕುಲಂ ಎದುರು 0–5ರಿಂದ ಸೋತಿತು. ಆ ಒಂದು ಪಂದ್ಯ ಗೆದ್ದಿದ್ದರೆ ರಾಷ್ಟ್ರೀಯ ಕಿರೀಟ ಕರ್ನಾಟಕದ್ದಾಗುತ್ತಿತ್ತು. ಇಷ್ಟು ಹತ್ತಿರ ಹೋದ ರಾಜ್ಯದಲ್ಲಿ ಈ ಎಲ್ಲ ಚಟುವಟಿಕೆ ಬಹುಮಟ್ಟಿಗೆ ಬೆಂಗಳೂರಿನೊಳಗೇ ನಡೆಯುತ್ತದೆ. ಕೊಪ್ಪಳದಿಂದ ಬೆಂಗಳೂರು ಮುನ್ನೂರೈವತ್ತು ಕಿಲೊಮೀಟರಿಗೂ ದೂರ. ಹದಿನೇಳರ ಹುಡುಗಿಯೊಬ್ಬಳು ಅಷ್ಟು ದೂರ ಒಬ್ಬಳೇ ಹೋಗಿ, ಇರಲು ಜಾಗ ಹುಡುಕಿಕೊಂಡು, ಆಡಬೇಕೆಂದು ನಿರೀಕ್ಷಿಸುವುದು ಅವಕಾಶ ಕೊಟ್ಟಂತೆ ಆಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಮೊದಲು ಮಾಡಬೇಕಾದದ್ದು ತೀರ ಸರಳ. ನಾಲ್ಕು ಹಳೆಯ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಹೆಣ್ಣುಮಕ್ಕಳ ಕ್ಲಬ್. ಕೊಪ್ಪಳ ಮತ್ತು ಗಂಗಾವತಿಗಳಲ್ಲಿ ನಗರಸಭೆಗಳಿವೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿ. ಸಿರ್ಜಾನ್‌ನ ಪುರಸಭೆ ತನ್ನ ಹೆಸರನ್ನು ತಂಡದ ಎದೆಯ ಮೇಲೆ ಬರೆಸಿ ಅಕಾಬಾದವರೆಗೆ ಕಳಿಸಬಹುದಾದರೆ, ನಮ್ಮ ಪುರಸಭೆಗಳು ಪಕ್ಕದ ತಾಲ್ಲೂಕಿನವರೆಗೆ ಕಳಿಸಲಾರವೇ? ಈ ನಾಲ್ಕು ತಂಡಗಳು ದಸರೆಯಿಂದ ಯುಗಾದಿಯವರೆಗೆ ವಾರಕ್ಕೊಂದು ಪಂದ್ಯದಂತೆ ಪರಸ್ಪರ ಆಡಲಿ. ಒಂದು ದಿನದ ಕ್ರೀಡಾಕೂಟ ಪದಕ ಕೊಡುತ್ತದೆ. ವಾರ ವಾರವೂ ಆಡುವ ಲೀಗ್ ಮಾತ್ರ ಆಟಗಾರ್ತಿಯನ್ನು ಕೊಡುತ್ತದೆ.

ಪ್ರಯಾಣದ ಖರ್ಚು ಎಂಬ ನೆಪ ಈಗ ಉಳಿದಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಾರೆ. ಆ ಬಸ್ಸು ದೇವಸ್ಥಾನಕ್ಕೆ, ಸಂತೆಗೆ, ತವರಿಗೆ ಒಯ್ಯುವುದಾದರೆ ಮೈದಾನಕ್ಕೂ ಒಯ್ಯುತ್ತದೆ. ಯೋಜನೆಯ ಬಗ್ಗೆ ಪರ ವಿರೋಧದ ಮಾತು ಏನೇ ಇರಲಿ, ತಾಲ್ಲೂಕು ಲೀಗ್‌ಗೆ ಬೇಕಾದ ಸಾರಿಗೆ ವ್ಯವಸ್ಥೆಯೊಂದು ತಾನಾಗಿ ಸಿದ್ಧವಾಗಿ ನಿಂತಿದೆ.

ಹಣವೂ ಸಿಗದ ವಸ್ತುವಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ತಮ್ಮ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಗ್ರಾಮೀಣ ಕ್ರೀಡೆ ಹಾಗೂ ಒಲಿಂಪಿಕ್ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಇದೆ. ಫುಟ್‌ಬಾಲ್ ಒಲಿಂಪಿಕ್ ಕ್ರೀಡೆ. ಕೊಪ್ಪಳದ ಗಾಳಿ, ನೀರು, ನೆಲಗಳನ್ನು ಬಳಸಿಕೊಳ್ಳುವ ಕಾರ್ಖಾನೆಗಳಿಂದ ಇಷ್ಟನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. 371(ಜೆ) ವಿಶೇಷ ಸ್ಥಾನಮಾನದ ಬಳಿಕ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸಾವಿರಾರು ಕೋಟಿ ರೂಪಾಯಿ ಘೋಷಣೆಯಾಗುತ್ತ ಬಂದಿದೆ. ಆ ಹಣದಲ್ಲಿ ಕಾಂಪೌಂಡು, ಕಮಾನು, ಸಮುದಾಯ ಭವನ ಎದ್ದಂತೆ, ಬೆಳಕಿನ ವ್ಯವಸ್ಥೆ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇರುವ ನಾಲ್ಕು ಮೈದಾನಗಳು ಏಳಬಾರದೇಕೆ? ಶೌಚಾಲಯವಿಲ್ಲದ ಮೈದಾನಕ್ಕೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ?

ಇದಕ್ಕೂ ಮುಖ್ಯವಾದದ್ದು ಮಹಿಳಾ ತರಬೇತುದಾರರು. ಸಂಜೆ ಆರರ ನಂತರ ಮಗಳು ಮೈದಾನದಲ್ಲಿರಲು ಮನೆಯವರು ಒಪ್ಪಬೇಕಾದರೆ, ಅಲ್ಲಿ ಅವಳ ಹೊಣೆ ಹೊರುವ ಒಬ್ಬ ಅಕ್ಕ ಇರಬೇಕು. ತರಬೇತುದಾರರ ಆರಂಭಿಕ ಹಂತದ ಪರವಾನಗಿಯ ಶಿಬಿರಗಳನ್ನು ಫೆಡರೇಷನ್ ದೇಶದಾದ್ಯಂತ ನಡೆಸುತ್ತದೆ. ಜಿಲ್ಲೆಯ ದೈಹಿಕ ಶಿಕ್ಷಣ ಶಿಕ್ಷಕಿಯರಲ್ಲಿ ಎಂಟು ಮಂದಿಯನ್ನು ಆರಿಸಿ, ರಜೆ ಕೊಟ್ಟು, ಖರ್ಚು ಕೊಟ್ಟು ಕಳಿಸಿದರೆ ತಾಲ್ಲೂಕಿಗೆ ಇಬ್ಬರಂತೆ ಸಿದ್ಧರಾಗುತ್ತಾರೆ. ಮೊರಾರ್ಜಿ ದೇಸಾಯಿ, ಕಸ್ತೂರಬಾ ವಸತಿ ಶಾಲೆಗಳಲ್ಲಿ ಊಟ, ವಸತಿ, ಅಂಗಳ ಮೂರೂ ಇವೆ. ಗುಳೆ ಹೋಗುವ ಕುಟುಂಬದ ಮಗಳಿಗೂ ಆಟ ತಪ್ಪದಂತೆ ನೋಡಿಕೊಳ್ಳಲು ಇವುಗಳಿಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಇನ್ನು ‘ಮುಂದ ಏನ್ ಮಾಡ್ತಾಳ್ರಿ?’ ಎಂಬ ಪ್ರಶ್ನೆ. ಇದಕ್ಕೆ ಉತ್ತರ ನೇಪಾಳದಲ್ಲಿದೆ. 2025ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾದ ಮೊದಲ ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್ ನಡೆಯಿತು. ಫೈನಲ್ ತಲುಪಿದ ಎರಡು ತಂಡಗಳಲ್ಲಿ ಒಂದು ಅಲ್ಲಿನ ಸಶಸ್ತ್ರ ಪೊಲೀಸ್ ಪಡೆಯದು. ಅಂದರೆ ಪೊಲೀಸ್ ಪಡೆಯೇ ಮಹಿಳಾ ಕ್ಲಬ್ ಕಟ್ಟಿ ಬೆಳೆಸಿದೆ. ನಮ್ಮಲ್ಲೂ ರೈಲ್ವೆ, ಪೊಲೀಸ್, ಅರೆಸೇನಾ ಪಡೆಗಳಲ್ಲಿ ಕ್ರೀಡಾಪಟುಗಳಿಗೆ ನೇಮಕದ ಅವಕಾಶವಿದೆ. ಆ ಅವಕಾಶಕ್ಕೆ ಬೇಕಾದ ಅರ್ಹತೆ ಒಂದು ದಿನದ ಶಾಲಾ ಕ್ರೀಡಾಕೂಟದಲ್ಲಿ ಸಿಗುವುದಿಲ್ಲ. ಕ್ಲಬ್‌ನಲ್ಲಿ ನಾಲ್ಕಾರು ವರ್ಷ ಆಡಿದವಳಿಗೆ ಸಿಗುತ್ತದೆ. ಏಷ್ಯಾಕ್ಕೆ ಹೋಗುವವಳು ನೂರರಲ್ಲಿ ಒಬ್ಬಳಿರಬಹುದು, ಸಾವಿರದಲ್ಲಿ ಒಬ್ಬಳಿರಬಹುದು. ಆದರೆ ಆ ದಾರಿಯಲ್ಲಿ ನಡೆದ ಉಳಿದವರಲ್ಲಿ ಒಬ್ಬಳು ಶಿಕ್ಷಕಿಯಾದಾಳು, ಒಬ್ಬಳು ಕಾನ್‌ಸ್ಟೆಬಲ್ ಆದಾಳು, ಒಬ್ಬಳು ತೀರ್ಪುಗಾರ್ತಿಯಾದಾಳು. ಎಲ್ಲರೂ ಇಪ್ಪತ್ತೊಂದರವರೆಗೆ ತಮ್ಮ ಬದುಕಿನ ಮಾತನ್ನು ತಾವೇ ಆಡುವುದನ್ನು ಕಲಿತಿರುತ್ತಾರೆ.

ಆಕ್ಷೇಪಗಳು ಇಲ್ಲದಿಲ್ಲ. ಕಬಡ್ಡಿ, ಖೊಖೊ ನಮ್ಮ ಮಣ್ಣಿನ ಆಟಗಳಿರುವಾಗ ಫುಟ್‌ಬಾಲ್ ಏಕೆ ಎಂದು ಕೆಲವರು ಕೇಳುತ್ತಾರೆ. ಅವೂ ಇರಲಿ, ಅವಕ್ಕೂ ಕ್ಲಬ್ಬುಗಳಾಗಲಿ. ಫುಟ್‌ಬಾಲಿನ ವಿಶೇಷವೆಂದರೆ ಊರಿನಿಂದ ಖಂಡದವರೆಗೆ ಹಂತ ಹಂತವಾದ ಏಣಿ ಈಗಾಗಲೇ ನಿಂತಿದೆ. ಕುಡಿಯುವ ನೀರಿಗೇ ಪರದಾಡುವ ಹಳ್ಳಿಗಳಿರುವಾಗ ಆಟದ ಮಾತೇಕೆ ಎಂಬುದು ಇನ್ನೊಂದು ಆಕ್ಷೇಪ. ನೀರಿನ ಹೋರಾಟದಷ್ಟು ದೊಡ್ಡದಲ್ಲ ಇದು, ಒಪ್ಪುತ್ತೇನೆ. ಆದರೆ ಬಾಮ್‌ನವರು ಸೂರು, ನೀರು, ಸ್ಮಶಾನ ಎಲ್ಲವನ್ನೂ ಒಟ್ಟಿಗೇ ಕಟ್ಟಿಕೊಳ್ಳಬೇಕಾದವರು. ಎಲ್ಲ ಮುಗಿದ ಮೇಲೆ ಹೆಣ್ಣುಮಕ್ಕಳ ಸರದಿ ಎಂದು ಅವರು ಕಾದಿದ್ದರೆ ಆ ಸರದಿ ಬರುತ್ತಿತ್ತೇ?

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಏಷ್ಯಾ ಮಟ್ಟದಲ್ಲಿ ನಮ್ಮವರು ಹೀನಾಯವಾಗಿ ಸೋಲುತ್ತಾರಲ್ಲ ಎಂಬುದು ಅದು. 2024ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲಿ ಒಡಿಶಾ ಎಫ್‌ಸಿ ಜಪಾನಿನ ಉರಾವಾ ತಂಡಕ್ಕೆ 0–17ರಿಂದ ಸೋತದ್ದು ನಿಜ. ನುಂಗಲು ಕಷ್ಟವಾದ ಫಲಿತಾಂಶ. ಆದರೆ ಮರುವರ್ಷ ಏನಾಯಿತು? ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಪ್ರಾಥಮಿಕ ಸುತ್ತು ದಾಟಿ, 2025ರ ನವೆಂಬರ್‌ನಲ್ಲಿ ಚೀನಾದ ವುಹಾನ್‌ನಲ್ಲಿ ಗುಂಪು ಹಂತದ ಪಂದ್ಯವೊಂದನ್ನು 3–1ರಿಂದ ಗೆದ್ದಿತು. ಸೋತ ತಂಡ ಯಾವುದು ಗೊತ್ತೇ? ಬಾಮ್ ಖಾತೂನ್. 2022ರ ಆಗಸ್ಟ್ 26ರಂದು ನಡೆಯದೇ ಹೋದ ಭಾರತ–ಬಾಮ್ ಭೇಟಿ ಮೂರು ವರ್ಷ ತಡವಾಗಿ ನಡೆಯಿತು. ಮಣಿಪುರದ ಶಿಲ್ಕಿ ದೇವಿ ಅಂದು ಗೋಲು ಹೊಡೆದವರಲ್ಲಿ ಒಬ್ಬರು. ಆನಂತರದ ಎರಡು ಪಂದ್ಯಗಳಲ್ಲಿ ಆತಿಥೇಯ ವುಹಾನ್‌ಗೂ ಉಜ್ಬೇಕಿಸ್ತಾನದ ನಸಾಫ್‌ಗೂ ಸೋತು ತಂಡ ಹೊರಬಿತ್ತು. ಮುಂದಿನ ತಿಂಗಳು ಕಠ್ಮಂಡುವಿನಲ್ಲಿ ನೇಪಾಳದ ಪೊಲೀಸ್ ತಂಡವನ್ನು 3–0ರಿಂದ ಮಣಿಸಿ ದಕ್ಷಿಣ ಏಷ್ಯಾದ ಮೊದಲ ಕಪ್ ಎತ್ತಿದ್ದೂ ಈಸ್ಟ್ ಬೆಂಗಾಲ್ ತಂಡವೇ. ಸೋಲು, ಗೆಲುವು, ಮತ್ತೆ ಸೋಲು, ಮತ್ತೆ ಗೆಲುವು. ಮೇಲೇರುವ ದಾರಿ ಇರುವುದೇ ಹೀಗೆ. ಆಡದೆ ಉಳಿದವರಿಗೆ ಮಾತ್ರ ಸೋಲಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ನಾಳೆ ನಮ್ಮಲ್ಲಿ ಕ್ಲಬ್ಬುಗಳು ಹುಟ್ಟಿದರೆ, ಅವುಗಳ ಸಮಿತಿಗಳಲ್ಲಿ ಕುರ್ಚಿ ಹಿಡಿದು ಕೂರುವವರೂ ಹುಟ್ಟುತ್ತಾರೆ. ತಾಷ್ಕೆಂಟ್ ಕಲಿಸಿದ ಪಾಠವನ್ನು ಮೊದಲ ದಿನವೇ ನಿಯಮಾವಳಿಯಲ್ಲಿ ಬರೆದಿಡಬೇಕು. ಪದಾಧಿಕಾರಿಗಳ ಅವಧಿ ಮೂರು ವರ್ಷ, ಚುನಾವಣೆಯ ತಿಂಗಳು ನಿಗದಿ, ಲೆಕ್ಕಪತ್ರ ಊರ ಮುಂದೆ, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು, ಅವರಲ್ಲಿ ಇಬ್ಬರಾದರೂ ಆಡಿದವರು. ಕಾಗದದ ಮೇಲೆ ಇದು ನೀರಸವಾಗಿ ಕಾಣಬಹುದು. ಆದರೆ ಅಂದು ಆಟಗಾರ್ತಿಯರನ್ನು ಪರದೇಶದಲ್ಲಿ ನಿಲ್ಲಿಸಿದ್ದು ಇಂಥದೇ ಒಂದು ನೀರಸ ನಿಯಮದ ಉಲ್ಲಂಘನೆ.

ನಮ್ಮಿಂದ ಆಗದ ಕೆಲಸವೇ ಇದು? ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯ ತಾಯಂದಿರು ರೊಟ್ಟಿ ತಟ್ಟಿ ಬಂಡಿ ತುಂಬಿ ಕಳಿಸುತ್ತಾರೆ. ಲಕ್ಷಾಂತರ ಜನ ಉಂಡು ಹೋಗುತ್ತಾರೆ. ಯಾವ ಸರ್ಕಾರಿ ಆದೇಶವೂ ಇಲ್ಲದೆ ಅಷ್ಟು ದೊಡ್ಡ ವ್ಯವಸ್ಥೆಯನ್ನು ನಡೆಸಬಲ್ಲ ಜಿಲ್ಲೆಗೆ ನಾಲ್ಕು ತಂಡ, ನಾಲ್ಕು ಮೈದಾನ, ಎಂಟು ತರಬೇತುದಾರರು ಹೊರೆಯಾಗಲಾರರು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದಾಗ ಊರಿಗೆ ಊರೇ ನಿಲ್ದಾಣದಲ್ಲಿ ಸೇರಿತ್ತು. ಹೊರಗಿನ ಲೋಕ ತಮ್ಮ ಬಾಗಿಲಿಗೆ ಬಂದ ಸಂತೋಷ ಅದು. ಅದೇ ರೈಲಿನಲ್ಲಿ ಕುಷ್ಟಗಿಯ ಹೆಸರು ಬರೆದ ಅಂಗಿ ತೊಟ್ಟ ಹದಿನೆಂಟು ಹುಡುಗಿಯರು ಮೊದಲು ಹುಬ್ಬಳ್ಳಿಗೆ, ಆಮೇಲೆ ಬೆಂಗಳೂರಿಗೆ ಪಂದ್ಯವಾಡಲು ಹೊರಡುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ. ಏಷ್ಯಾದ ಮಾತು ಆಮೇಲೆ ನೋಡೋಣ. ಮೊದಲು ಯಲಬುರ್ಗಾದೆದುರು ಗೆಲ್ಲಲಿ.